ಬಿಚ್ಚಿ ತಂದು ನಿಲ್ಲಿಸಿದ ಮನೆಗಳು: ಮಣಿಪಾಲ, ಮುಟ್ಟುಕಾಡು ನೋಡುವುದು ಹೇಗೆ?

ಹೊಸ್ತಿಲು:
ವಾಸ್ತುಶಿಲ್ಪ ಓದುತ್ತಿರುವ ಎರಡನೇ ವರ್ಷದ ಹದಿನೆಂಟು ಮಕ್ಕಳ ಪ್ರವಾಸ. ಭಾನುವಾರ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಮಂಗಳವಾರ ಚೆನ್ನೈ ಹತ್ತಿರ ಮುಟ್ಟುಕಾಡಿನ ದಕ್ಷಿಣಚಿತ್ರ. ಎರಡೂ ಕಡೆ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಕಂಬಕ್ಕೆ ಒರಗಿ ಫೋಟೊ ಹೊಡೆಸಿಕೊಂಡು ಬರುವುದಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಒಂದು ಮನೆಯಲ್ಲಿ ಮೂಲದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ಕಣ್ಣಲ್ಲೇ ಗುರುತಿಸುವುದು ಹೇಗೆ? ಏನೇನು ಕೈಯಲ್ಲಿರಬೇಕು? ಒಂದು ಮನೆಗೆ ಎಷ್ಟು ಹೊತ್ತು ಕೊಡಬೇಕು?

ರೀಪು_ಪಕಾಸು:
ಟಾರ್ಚು, 5 ಮೀಟರಿನ ಟೇಪು, ದಿಕ್ಸೂಚಿ. ಮೊಬೈಲಿನದ್ದೇ ಸಾಕು. ಕ್ಯಾಮೆರಾ ಆಮೇಲಿನ ಮಾತು, ಫೋಟೊ ನಿಯಮವನ್ನು ಫೋನ್ ಮಾಡಿಯೇ ಕೇಳಿಕೊಳ್ಳಿ. ಮಣಿಪಾಲದಲ್ಲಿ ಎಲ್ಲಾ ಮನೆ ನೋಡುತ್ತೇವೆಂದು ಹೊರಟರೆ ಒಂದೂ ನೋಡಿದಂತಾಗುವುದಿಲ್ಲ. ಕುಂಜೂರು ಚೌಕಿಮನೆ (ನಡುವೆ ಅಂಗಳವಿರುವ ಮನೆ), ಮಿಯಾರು ಮನೆ, ಹರ್ಕೂರು ಒಳಗಿನಮನೆ, ಭಟ್ಕಳದ ನವಾಯತ ಮನೆ: ಈ ನಾಲ್ಕರಲ್ಲಿ ಎರಡನ್ನು ಆರಿಸಿ, ಒಂದೊಂದಕ್ಕೆ ಒಂದೂವರೆ ಗಂಟೆ ಕೊಡಿ. ಉಳಿದದ್ದನ್ನು ಸುಮ್ಮನೆ ಸುತ್ತಾಡಿ ನೋಡಿದರೆ ಆಯಿತು.

ಬಾಚಿ_ಉಳಿ:
ಮೂಲದ್ದು ಯಾವುದು ಅಂತ ಕೇಳಿದಿರಲ್ಲ. ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಮರ ಬರುತ್ತದೆ, ಗೋಡೆ ಬರುವುದಿಲ್ಲ. ಕರಾವಳಿ ಮನೆಯೊಂದನ್ನು ಬಿಚ್ಚುವಾಗ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ಮರ), ತೊಲೆ, ಮುಚ್ಚಿಗೆ (ಒಳಚಾವಣಿ) ಹಲಗೆ, ದಾರಂದ (ಬಾಗಿಲ ಚೌಕಟ್ಟು), ಬಾಗಿಲು ಎಲ್ಲ ಲಾರಿ ಹತ್ತುತ್ತವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ನೆಲ, ಅಡಿಪಾಯ ಅಲ್ಲೇ ಉಳಿಯುತ್ತವೆ. ಮ್ಯೂಸಿಯಮ್ಮಿನಲ್ಲಿ ನೀವು ನೋಡುವುದು ಹೆಚ್ಚಾಗಿ ಆಚಾರಿಯ ಕೆಲಸ. ಗಾರೆಯವನ ಕೆಲಸ ಈ ಕಾಲದ್ದು.

ಬಿಚ್ಚುವ ಕ್ರಮ ಗೊತ್ತಿದ್ದರೆ ನೋಡುವ ಕ್ರಮವೂ ಗೊತ್ತಾಗುತ್ತದೆ. ಮೊದಲು ಅಳತೆ ನಕ್ಷೆ. ಆಮೇಲೆ ಪ್ರತಿ ತುಂಡಿಗೂ ನಂಬರು. ಸೀಮೆಸುಣ್ಣದಲ್ಲಿ ಬರೆದರೆ ಒಂದೇ ಮಳೆಗೆ ಹೋಯಿತು, ಬಣ್ಣದಲ್ಲಿ ಬರೆದರೆ ಮುಂದೆ ಉಜ್ಜುವಾಗ ಹೋಯಿತು. ಹಾಗಾಗಿ ತೆಳು ಲೋಹದ ಬಿಲ್ಲೆಗೆ ನಂಬರು ಕುಟ್ಟಿ, ಕಣ್ಣಿಗೆ ಬೀಳದ ಮೈಗೆ ಹೊಡೆಯಬೇಕು. ಜೊತೆಗೆ ಯಾವ ಮುಖ ಯಾವ ದಿಕ್ಕಿಗಿತ್ತು ಅನ್ನುವ ಬಾಣದ ಗುರುತು ಬೇಕು. ಇದನ್ನು ಮರೆತರೆ ನಾಲ್ಕು ಮೈಯೂ ಒಂದೇ ಥರ ಕಾಣುವ ಕಂಬ ತಿರುಗುಮುರುಗಾಗಿ ಕೂತು ತೊಲೆಯ ಕಚ್ಚು (ಮರಕ್ಕೆ ಮರ ಕೂಡುವ ಕೆತ್ತು) ಸೇರುವುದಿಲ್ಲ. ಬಿಚ್ಚುವುದು ಮೇಲಿಂದ ಕೆಳಕ್ಕೆ: ಹಂಚು, ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕಾಸು (ರೀಪು ಹೊರುವ ಇಳಿಜಾರು ಮರ), ಮುಚ್ಚಿಗೆ, ತೊಲೆ, ಬೋದಿಗೆ, ಕೊನೆಗೆ ಕಂಬ. ಬೆಣೆ ಮತ್ತು ಗೂಟವನ್ನು ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋದರೆ ಕಚ್ಚಿನ ತುಟಿಯೇ ಸೀಳುತ್ತದೆ. ಗೂಟವನ್ನು ಒಳಗೇ ಕೊರೆದು ಬಲಿ ಕೊಡಬೇಕು, ತೊಲೆ ಉಳಿಸಿಕೊಳ್ಳಬೇಕು. ಆದ್ದರಿಂದ ನೀವು ಅಲ್ಲಿ ನೋಡುವ ಗೂಟಗಳು ಬಹುತೇಕ ಹೊಸವು. ಅದು ಮೋಸವಲ್ಲ.

ಅಂಕಣ_ಐದು:
ಮರವನ್ನು ಮುಟ್ಟಿ ನೋಡಲು ಬಿಟ್ಟರೆ ಅಂಚು ಸವರಿ. ಬಾಚಿ (ಮರ ಕೆತ್ತುವ ಕೈಹತಾರ) ಹೊಡೆದ ಮೈಯಲ್ಲಿ ತೆಳ್ಳನೆ ತಟ್ಟೆಯಂಥ ತಗ್ಗುಗಳಿರುತ್ತವೆ, ಟಾರ್ಚನ್ನು ಓರೆಯಾಗಿ ಹಿಡಿದರೆ ಎದ್ದು ಕಾಣುತ್ತವೆ. ಮಷೀನ್ ಗರಗಸದ ಗುರುತು ಒಂದೇ ಅಂತರದಲ್ಲಿ ಸಾಲಾಗಿರುತ್ತದೆ, ದುಂಡು ಗರಗಸದ್ದಾದರೆ ಬಿಲ್ಲಿನಂತೆ ಬಾಗಿರುತ್ತದೆ. ಆದರೆ ಇದನ್ನು ಕಂಬದ ಮುಂಭಾಗದಲ್ಲಿ ಹುಡುಕಬೇಡಿ, ಅಲ್ಲೆಲ್ಲ ಉಜ್ಜುಗೊರಡು ಹೊಡೆದಿರುತ್ತಾರೆ. ಅಟ್ಟದ ತೊಲೆಯ ಮೇಲ್ಮೈ, ಬಾಗಿಲ ಹಲಗೆಯ ಹಿಂಭಾಗ ನೋಡಿ. ಯಾರೂ ನೋಡುವುದಿಲ್ಲ ಅಂತ ಆಚಾರಿ ಬಿಟ್ಟ ಜಾಗದಲ್ಲೇ ಉತ್ತರ ಇರುತ್ತದೆ.

ಗೇರೆಣ್ಣೆ:
ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ ಅಂತ ಸೇರಿಸಿ. ಕರಾವಳಿಯಲ್ಲಿ ಗೆದ್ದಲಿಗೆಂದು ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ನಿನ್ನೆ ಕೂರಿಸಿದ ರೀಪೂ ನೂರು ವರ್ಷದ ಹಾಗೆ ಕಪ್ಪಾಗುತ್ತದೆ.

ಸುತ್ತಾಟ:
ಸುಲಭದ ಗುರುತು ಹೇಳ್ತೀನಿ: ಹಳೇ ಮನೆಗೆ ಮೊಳೆಯೇ ಇರಲ್ಲ. ಮೊಳೆ ಕಂಡರೆ ಹೊಸದು.

ಬಾಚಿ_ಉಳಿ:
ಹಾಗಲ್ಲ. ಮುಖ್ಯ ಚೌಕಟ್ಟಿಗೆ ಮೊಳೆ ಬೇಡ, ಕಚ್ಚು ಮತ್ತು ಬೆಣೆಯಲ್ಲೇ ನಿಲ್ಲುತ್ತದೆ, ನಿಜ. ಆದರೆ ಬಾಗಿಲ ಪಟ್ಟಿ, ಮುಚ್ಚಿಗೆ ಹಲಗೆಗಳಿಗೆ ಕಮ್ಮಾರ ಬಡಿದ ಮೊಳೆ ಇದ್ದೇ ಇತ್ತು. ಅದು ನಾಲ್ಕು ಮೂಲೆಯದು, ತಲೆ ಒರಟು, ಒಂದರಂತೆ ಇನ್ನೊಂದಿಲ್ಲ. ದುಂಡು ಮೈಯ, ತಲೆ ಸಮ ಇರುವ ತಂತಿ ಮೊಳೆ ಕಾರ್ಖಾನೆಯದು. ಹಲಸಿನಂಥ ಒಗರಿನ ಮರವಾದರೆ ಕಬ್ಬಿಣದ ಸುತ್ತ ನೀಲಿಗಪ್ಪು ಕಲೆ ಹರಡಿರುತ್ತದೆ. ಕಲೆ ಮಾತ್ರ ಇದ್ದು ಮೊಳೆ ಇಲ್ಲದಿದ್ದರೆ ಅಲ್ಲಿ ಹಿಂದೆ ಏನೋ ಇತ್ತು, ತೆಗೆದಿದ್ದಾರೆ ಅಂತ ಅರ್ಥ.

ಜೆಪ್ಪು_ಹಂಚು:
ಮಾಡು (ಮನೆಯ ಸೂರು) ನೋಡದೆ ಬರಬೇಡಿ ಮಾರಾಯ್ರೆ. ಮನೆಯ ಬೋರ್ಡಿನಲ್ಲಿ 1865ಕ್ಕಿಂತ ಹಿಂದಿನ ಇಸವಿ ಇದ್ದು, ಮಾಡಿಗೆ ಚಪ್ಪಟೆ ಮಂಗಳೂರು ಹಂಚು ಇದ್ದರೆ, ಆ ಹಂಚು ಮನೆಯಷ್ಟು ಹಳೇದಲ್ಲ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಅದಕ್ಕೆ ಮೊದಲು ಮುಳಿಹುಲ್ಲು, ಸೋಗೆ, ಇಲ್ಲವೇ ಕುಂಬಾರ ತಟ್ಟಿದ ಅರ್ಧ ಕೊಳವೆಯಂಥ ನಾಡಹಂಚು.

ಇದು ಬರೀ ಹೊದಿಕೆಯ ಬದಲಾವಣೆ ಅಲ್ಲ. ಚಪ್ಪಟೆ ಹಂಚಿಗೆ ರೀಪುಗಳ ನಡುವಿನ ಅಂತರ 32 ಸೆಂಟಿಮೀಟರಿನ ಆಸುಪಾಸು ಇರಲೇಬೇಕು, ಇಲ್ಲದಿದ್ದರೆ ಹಂಚಿನ ಹಿಂಬದಿಯ ಕೊಕ್ಕೆ ಕೂರುವುದಿಲ್ಲ. ಹಳೇ ಪಕಾಸಿನ ಮೇಲೆ ಬೇರೆ ಅಂತರದ ಕಚ್ಚು ಅಥವಾ ಗೂಟದ ತೂತು ಕಂಡರೆ ಹಿಂದಿನ ಹೊದಿಕೆಯ ಲೆಕ್ಕ ಸಿಗುತ್ತದೆ. ಮಕ್ಕಳಿಗೆ ಟೇಪು ಕೊಟ್ಟು ಮೊದಲು ಇದನ್ನೇ ಅಳೆಯಲು ಹೇಳಿ.

ಹೊಸ್ತಿಲು:
ಇದು ಬೇಕಾಗಿತ್ತು! ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಇರುತ್ತದಲ್ಲ, ಅದನ್ನೂ ಓದಿಸಬಹುದು.

ಜೆಪ್ಪು_ಹಂಚು:
ಓದಿಸಿ, ಆದರೆ ನಂಬಿ ಕೂರಬೇಡಿ. ಒಡೆದ ಹಂಚಿನ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕುವುದು ವಾಡಿಕೆ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಇದ್ದರೆ ಆಶ್ಚರ್ಯ ಇಲ್ಲ.

ಹಾಳುಮಣ್ಣು:
ಅಲ್ರೀ, ಕಟ್ಟಿಗಿ ಬರ್ತೈತಿ, ಗ್ವಾಡಿ ಬರೂದಿಲ್ಲ ಅನ್ನೂದು ನಿಮ್ಮ ಕರಾವಳಿ ಲೆಕ್ಕ. ದಕ್ಷಿಣಚಿತ್ರದಾಗ ನಮ್ಮ ಇಳಕಲ್ಲ ನೇಕಾರರ ಮನಿ ಐತಿ, ಚಿಕ್ಕಮಗಳೂರಿನ ಮನಿನೂ ಐತಿ. ಇಳಕಲ್ಲದ ಕಡೆ ಮನಿ ಅಂದ್ರ ಕಲ್ಲು. ಕೆತ್ತಿದ ಕಲ್ಲಿಗೆ ನಂಬರ ಹಾಕಿ ಲಾರಿಗೆ ಏರಿಸಬಹುದು. ಬರಲಾರದ್ದು ಮಾಳಿಗಿ, ಅಂದ್ರ ಮಣ್ಣಿನ ಚಪ್ಪಟಿ ಚಾವಣಿ. ತೊಲಿ, ಅದರ ಮ್ಯಾಲ ಜಂತಿ, ಜಂತಿ ಮ್ಯಾಲ ಸೀಳಿದ ಕಟ್ಟಿಗಿ ಇಲ್ಲಾ ಹಲಗಿ, ಅದರ ಮ್ಯಾಲ ಬೇವಿನ ತಪ್ಪಲ, ಆಮ್ಯಾಲ ತುಳದ ಮಣ್ಣು, ಕಡೀಕ ಹಾಳುಮಣ್ಣು. ಆ ಮಣ್ಣು ನೀರು ಕುಡದ ಮ್ಯಾಲ ಬಿಗಿತೈತಿ, ಒಳಗ ಇಳಿಯಾಕ ಬಿಡೂದಿಲ್ಲ. ವರ್ಷಾ ಮಳಿಗಾಲದ ಮುಂದ ಮತ್ತ ಒಂದಿಷ್ಟು ಬುಟ್ಟಿ ಮಣ್ಣು ಹಾಕಬೇಕು, ಬಿರುಕು ಮುಚ್ಚಬೇಕು.

ಲೆಕ್ಕ ಹಾಕ್ರಿ. ಒಂದು ಚದರ ಮೀಟರಿಗೆ 30 ಸೆಂಟಿಮೀಟರ ದಪ್ಪ ಮಣ್ಣು ಅಂದ್ರ ನಾಲ್ಕೂವರಿಂದ ಐದು ಕ್ವಿಂಟಲ್. ಮಂಗಳೂರ ಹಂಚು ಚದರ ಮೀಟರಿಗೆ ಸುಮಾರು 15 ಕೂಡ್ತಾವು, ಒಂದೊಂದು ಎರಡು ಎರಡೂವರಿ ಕಿಲೊ, ಅಂದ್ರ 40 ಕಿಲೊದೊಳಗ ಮುಗೀತು. ಹತ್ತು ಪಟ್ಟಿಗಿಂತ ಹೆಚ್ಚು ಭಾರ! ಅದಕ್ಕ ನಮ್ಮಲ್ಲಿ ಕಂಬ ಹತ್ರ ಹತ್ರ, ಜಂತಿ ಒತ್ತೊತ್ತ, ಮನಿ ಅಳತಿ ಅಂಕಣದಾಗ. ಮೂರು ಅಂಕಣದ ಮನಿ, ಐದು ಅಂಕಣದ ಮನಿ ಅಂತೀವಲ್ಲ, ಅದು ಕೋಲಿಗಳ ಎಣಿಕಿ ಅಲ್ಲ, ಕಂಬದಿಂದ ಕಂಬಕ್ಕ ಇರೂ ಅಂತರದ ಎಣಿಕಿ.

ಅಂಕಣ_ಐದು:
ಒಪ್ಪಿದೆ. ಒಂದು ಪರೀಕ್ಷೆ ಸೇರಿಸುತ್ತೇನೆ. ಮಾಳಿಗೆ ಮನೆಯ ಬೆಳಕಿಂಡಿಯ ಕೆಳಗೆ ನಿಂತು ಅಂಚಿನ ದಪ್ಪ ನೋಡಿ. ಮಣ್ಣಿನ ಮಾಳಿಗೆಯಾದರೆ ಬೆಳಕಿಂಡಿ ಬಾವಿಯಂತೆ ಆಳವಾಗಿರುತ್ತದೆ, ಒಂದು ಅಡಿಗಿಂತ ಹೆಚ್ಚು. ಅಂಚು ನಾಲ್ಕೈದು ಇಂಚಿಗೇ ಮುಗಿದರೆ ಮೇಲೆ ಇರುವುದು ಕಾಂಕ್ರೀಟು, ಕೆಳಗಿನ ಜಂತಿ ಶೋಕಿಗೆ. ಇದು ಯಾವ ಮ್ಯೂಸಿಯಮ್ಮಿಗೂ ಅನ್ವಯ, ಯಾವ ರೆಸಾರ್ಟಿಗೂ ಅನ್ವಯ.

ಹಾಳುಮಣ್ಣು:
ಖರೇ ಅದ. ರೆಸಾರ್ಟಿಗೆ ಇನ್ನೂ ಹೆಚ್ಚು.

ಮಗ್ಗದ_ಕುಣಿ:
ಇಳಕಲ್ ಮನೆಯಲ್ಲಿ ಕಲ್ಲು, ಕಂಬ ನೋಡಿ ಮುಗಿಸಬೇಡಿ. ಮಗ್ಗ ಎಲ್ಲಿದೆ, ಬೆಳಕು ಎಲ್ಲಿಂದ ಅದರ ಮೇಲೆ ಬೀಳುತ್ತದೆ ನೋಡಿ. ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಬಿಡುತ್ತಾನೆ. ಅವನ ಕಣ್ಣಿನ ಎತ್ತರ ನೆಲದಿಂದ ಎರಡೂವರೆ ಅಡಿಯ ಹತ್ತಿರ. ಹುಡುಗರು ನಿಂತುಕೊಂಡೇ ಆ ಕೋಣೆಯ ಬೆಳಕನ್ನು ಅಳೆದರೆ ತಪ್ಪಾಗುತ್ತದೆ, ಕೂರಬೇಕು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು (ಉದ್ದದ ಎಳೆಗಳನ್ನು) ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ, ಎಳೆ ಎಳೆಯಾಗಿ. ಅಷ್ಟು ಸಣ್ಣ ಕೆಲಸಕ್ಕೆ ಬೆಳಕು ಎಷ್ಟು ಬೇಕು ಅನ್ನುವುದರಿಂದ ಶುರು ಮಾಡಿದರೆ ಮನೆ ತಾನಾಗಿ ಅರ್ಥವಾಗುತ್ತದೆ.

ಸುತ್ತಾಟ:
ಇದೆಲ್ಲ ಸರಿ, ಆದ್ರೆ ಮನೆಯನ್ನು ಅದರ ಊರಿಂದ ಕಿತ್ತು ತಂದಮೇಲೆ ಅದು ಮನೆಯಾ? ಗದ್ದೆ ಇಲ್ಲ, ನಾಗಬನ ಇಲ್ಲ, ಪಕ್ಕದ ಮನೆ ಇಲ್ಲ. ಪೀಠೋಪಕರಣದಂಗೆ ತಂದಿಟ್ಟಿದಾರೆ. ಪದ್ಮನಾಭಪುರ ಅರಮನೆ ನೋಡಿ, ಕಟ್ಟಿದ ಜಾಗದಲ್ಲೇ ನಿಂತಿದೆ. ಅಲ್ಲಿಗೆ ಕರ್ಕೊಂಡು ಹೋಗಿ.

ರೀಪು_ಪಕಾಸು:
ಪದ್ಮನಾಭಪುರ ಅರಮನೆ. ಅದನ್ನು ನೋಡಿಕೊಳ್ಳಲು ಕೇರಳದ ಪುರಾತತ್ವ ಇಲಾಖೆ ಇದೆ, ಕಟ್ಟಡ ಇರುವುದು ತಮಿಳುನಾಡಿನಲ್ಲಾದರೂ. ಕುಂದಾಪುರದ ಕಡೆಯ ಒಂದು ಚೌಕಿಮನೆಯನ್ನು ನೋಡಿಕೊಳ್ಳುವವರು ಯಾರು? 1974ರ ಭೂಸುಧಾರಣೆಯ ನಂತರ ಗೇಣಿ ನಿಂತಿತು. ಕೂಡುಕುಟುಂಬ ಪಾಲಾಯಿತು. ನಲವತ್ತು ಜನಕ್ಕೆ ಕಟ್ಟಿದ ಮನೆಯಲ್ಲಿ ಇಬ್ಬರು ಮುದುಕರು ಉಳಿದರು. ಒಂದು ವರ್ಷ ಹಂಚು ಕೈಯಾಡಿಸದಿದ್ದರೆ ಒಂದು ಸೋರಿಕೆ. ಎರಡನೇ ವರ್ಷ ಪಕಾಸಿನ ತುದಿ ಕುಂಬು, ಅಂದರೆ ಕೊಳೆತ. ಐದನೇ ವರ್ಷ ಮರದ ವ್ಯಾಪಾರಿ ಬಂದು ಕಂಬಕ್ಕಿಷ್ಟು, ಬಾಗಿಲಿಗಿಷ್ಟು ಅಂತ ರೇಟು ಹೇಳುತ್ತಾನೆ. ಮಣಿಪಾಲದ ಹೆರಿಟೇಜ್ ವಿಲೇಜ್ ಕಟ್ಟಿದ ವಿಜಯನಾಥ ಶೆಣೈಯವರು ಬ್ಯಾಂಕ್ ನೌಕರಿಯಲ್ಲಿದ್ದುಕೊಂಡು ಇದನ್ನೆಲ್ಲ ಸಂಗ್ರಹಿಸಲು ಹೊರಟದ್ದು ಆ ವ್ಯಾಪಾರಿಯ ಎದುರಿಗೆ, ಪುರಾತತ್ವ ಇಲಾಖೆಯ ಎದುರಿಗಲ್ಲ. ಎದುರಿಗಿದ್ದ ಆಯ್ಕೆ "ಊರಲ್ಲೇ ಉಳಿಯುವ ಮನೆ" ಆಗಿರಲಿಲ್ಲ.

ಸುತ್ತಾಟ:
ಆದರೂ ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಮಣಿಪಾಲದ ಮಳೆಯಲ್ಲಿ ಏನು ಮಾಡ್ತಿವೆ? ಬಯಲುಸೀಮೆಯ ಕಟ್ಟಡಕ್ಕೆ 4000 ಮಿಲಿಮೀಟರ್ ಮಳೆ?

ಹಾಳುಮಣ್ಣು:
ಇದು ಮಾತ್ರ ಛಲೋ ಪ್ರಶ್ನೆ.

ಗೇರೆಣ್ಣೆ:
ಸುತ್ತಾಟ ಕೇಳಿದ್ದು ನಿಜವಾದ ತೊಂದರೆ. ಮರಕ್ಕೆ ಮಳೆಗಿಂತ ಗಾಳಿಯ ತೇವದ ಏರಿಳಿತವೇ ಹೆಚ್ಚು ಕೆಟ್ಟದ್ದು. ಒಣ ಊರಲ್ಲಿ ಹೊಂದಿಕೊಂಡು ಕೂತ ತೊಲೆ ಕರಾವಳಿಗೆ ಬಂದು ಜೂನಿನಲ್ಲಿ ಉಬ್ಬುತ್ತದೆ, ಫೆಬ್ರವರಿಯಲ್ಲಿ ಕುಗ್ಗುತ್ತದೆ. ಉಬ್ಬುವುದು ಅಡ್ಡಕ್ಕೆ ಮಾತ್ರ, ಉದ್ದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ತೊಂದರೆ ಕಾಣುವುದು ಅಗಲ ಹಲಗೆಯಲ್ಲಿ: ಮುಚ್ಚಿಗೆ, ಬಾಗಿಲ ಫಲಕ. ಹಲಗೆಗಳ ಸಂದು ನೋಡಿ. ಸಂದಿನ ಎರಡೂ ಬದಿ ಬಣ್ಣ ಒಂದೇ ಇದ್ದರೆ ಸಂದು ಹಳೇದು. ಒಳಗೆ ಬೆಳ್ಳನೆ ಗೆರೆ ಇಣುಕಿದರೆ ಇತ್ತೀಚೆಗೆ ಕುಗ್ಗಿದೆ. ಮುಟ್ಟುಕಾಡಿನಲ್ಲಿ ಪಕ್ಕದಲ್ಲೇ ಸಮುದ್ರ, ಉಪ್ಪುಗಾಳಿ. ಅಲ್ಲಿ ಕಬ್ಬಿಣದ ಅಗುಳಿ, ಚಿಲಕ ನೋಡಿ.

ಸುಣ್ಣದ_ನೀರು:
ಗೋಡೆ ಹೊಸದು ಅಂತ ಬಾಚಿ_ಉಳಿ ಒಂದೇ ಏಟಿಗೆ ಮುಗಿಸಿಬಿಟ್ಟರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲನ್ನು ಬಿಚ್ಚಿ ಮತ್ತೆ ಬಳಸಬಹುದು. ಅಂಚು ಉದುರುತ್ತದೆ, ಒಂದಷ್ಟು ಕಲ್ಲು ಹೋಗುತ್ತದೆ, ಉಳಿದದ್ದು ಚೆನ್ನಾಗಿಯೇ ಕೂರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದನ್ನು ಬಿಚ್ಚಿದರೆ ಕಲ್ಲೇ ಒಡೆಯುತ್ತದೆ, ಗಾರೆ ಬಿಡುವುದಿಲ್ಲ. ಮರಳಿ ಕಟ್ಟುವಾಗ ಯಾವ ಗಾರೆ ಬಳಸಿದ್ದಾರೆ ಅನ್ನುವುದು ನನ್ನ ಮಟ್ಟಿಗೆ ಕಂಬದ ಕೆತ್ತನೆಗಿಂತ ದೊಡ್ಡ ಪ್ರಶ್ನೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಕೊಳೆಸಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನಲ್ಲಿ ಅರೆಯಬೇಕು. ಅದರ ಬದಲು ಸಿಮೆಂಟು ಬಳಿದರೆ ಮುರಕಲ್ಲು ಕುಡಿದ ನೀರು ಹೊರಗೆ ಬರಲು ದಾರಿ ಇಲ್ಲ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ, ಬಣ್ಣ ಪೊರೆ ಪೊರೆಯಾಗಿ ಬೀಳುತ್ತದೆ. ಸೊಂಟದ ಎತ್ತರದ ಆ ಪಟ್ಟಿ ಇದೆಯೋ ಇಲ್ಲವೋ ನೋಡಿ ಬನ್ನಿ.

ದಕ್ಷಿಣಚಿತ್ರದ ಚೆಟ್ಟಿನಾಡು ಮನೆಯ ಹತ್ತಿರ ಹೋದಾಗ ಆ ಕಡೆಯ ನಯವಾದ ಸುಣ್ಣದ ಮೈ ಬಗ್ಗೆ ಕೇಳಿ. ಮೊಟ್ಟೆಯ ಬಿಳಿ ಸೇರಿಸಿ, ಕಡೆಯ ಪದರವನ್ನು ಕಲ್ಲಿನಿಂದ ತಿಕ್ಕಿ ಹೊಳಪು ಬರಿಸುವ ಪದ್ಧತಿ. ಅಂಗೈ ಇಟ್ಟರೆ ಅಮೃತಶಿಲೆಯ ಹಾಗೆ ತಣ್ಣಗೆ.

ಬಾಚಿ_ಉಳಿ:
ತಿದ್ದುಪಡಿ ಒಪ್ಪಿಕೊಂಡೆ. ಕಲ್ಲು ಬರಬಹುದು, ಗೋಡೆ ಬರುವುದಿಲ್ಲ ಅನ್ನೋಣ. ನೆಲವಂತೂ ಬರುವುದಿಲ್ಲ. ಕೆಂಪು ಆಕ್ಸೈಡಿನ ಮಿರಿಮಿರಿ ನೆಲ ಕಂಡು "ಪುರಾತನ" ಅನ್ನುವವರಿಗೆ ಹೇಳಿ: ಅದರಲ್ಲಿ ಸಿಮೆಂಟು ಇದೆ.

ಲಂಡನ್_ಕನ್ನಡ:
ಸ್ವಲ್ಪ ದಾರಿ ತಪ್ಪಿಸುತ್ತೇನೆ. ಇಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1873ರಲ್ಲಿ ತೆರೆದ ಅಚ್ಚುಗಳ ಅಂಗಳ ಇದೆ. ಕಟ್ಟಡ ಬಿಚ್ಚಿ ತರುವ ಗೋಜೇ ಇಲ್ಲ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ತಂದರು. ರೋಮಿನ ಟ್ರೇಜನ್ ಸ್ತಂಭ ಒಳಗೆ ಹಿಡಿಸಲಿಲ್ಲ ಅಂತ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ, ಒಳಗೆ ಇಟ್ಟಿಗೆಯ ತಿರುಳು. ತಮಾಷೆ ಏನೆಂದರೆ ರೋಮಿನ ಮೂಲ ಕಲ್ಲು ಗಾಳಿ ಹೊಗೆಗೆ ಸವೆದಿದೆ, ಪ್ಲಾಸ್ಟರಿನಲ್ಲಿ ಹಿಂದಿನ ವಿವರ ಉಳಿದಿದೆ. ಮೂಲಕ್ಕಿಂತ ನಕಲು ಹೆಚ್ಚು ಹೇಳುವ ಜಾಗ ಅದು.

ಸುತ್ತಾಟ:
ಹಾಗಾದ್ರೆ ಇಡೀ ಮನೆ ಕಿತ್ತು ತರೋ ಐಡಿಯಾ ಯಾರದು?

ಲಂಡನ್_ಕನ್ನಡ:
ದೊಡ್ಡ ಪ್ರಮಾಣದಲ್ಲಿ ಮಾಡಿ ಹೆಸರಾದದ್ದು ಸ್ವೀಡನ್ನಿನವರು. ಸ್ಟಾಕ್‌ಹೋಮಿನ ಸ್ಕ್ಯಾನ್ಸೆನ್, 1891, ಆರ್ಥರ್ ಹ್ಯಾಜೆಲಿಯಸ್. ಅಲ್ಲಿಯದು ಮರದ ದಿಮ್ಮಿ ಪೇರಿಸಿದ ಮನೆಗಳು, ಗೋಡೆಯೇ ಮರ. ನಂಬರು ಹಾಕಿ ಬಿಚ್ಚಿದರೆ ಗೋಡೆ ಸಮೇತ ಬರುತ್ತದೆ. ಬಾಚಿ_ಉಳಿಯವರ ಸೂತ್ರ ಅಲ್ಲಿ ನಡೆಯುವುದಿಲ್ಲ.

ಬಾಚಿ_ಉಳಿ:
ಆಯ್ತು ಸ್ವಾಮಿ, ಸೂತ್ರಕ್ಕೆ ಎಲ್ಲರೂ ಒಂದೊಂದು ಕಲ್ಲು ಹೊಡೆದಿರಿ 🙂

ಮತ್ತೆ ನಿಲ್ಲಿಸುವಾಗಿನ ತೊಂದರೆ ಬಗ್ಗೆ ಯಾರೂ ಹೇಳಲಿಲ್ಲ. ನೂರು ವರ್ಷ ನಿಂತ ಮನೆ ನೇರವಾಗಿ ಇರುವುದಿಲ್ಲ. ಒಂದು ಮೂಲೆ ಕುಸಿದಿರುತ್ತದೆ, ತೊಲೆ ನಡುವೆ ಬಾಗಿರುತ್ತದೆ, ಮರ ಆ ಆಕಾರಕ್ಕೇ ಒಗ್ಗಿಬಿಟ್ಟಿರುತ್ತದೆ. ಹೊಸ ಜಾಗದಲ್ಲಿ ಮಟ್ಟಗೋಲು ಇಟ್ಟು ಪೀಠಗಲ್ಲುಗಳನ್ನು (ಕಂಬದ ಬುಡದ ಕಲ್ಲುಗಳನ್ನು) ಸಮ ಮಾಡಿ ಕೂರಿಸಿದರೆ ಬಾಗಿದ ತೊಲೆಯ ಕಚ್ಚು ನೆಟ್ಟಗಿನ ಕಂಬಕ್ಕೆ ಸೇರುವುದಿಲ್ಲ. ಎರಡೇ ದಾರಿ: ಕಚ್ಚನ್ನು ಮತ್ತೆ ಕೆತ್ತುವುದು, ಇಲ್ಲವೇ ಪೀಠಗಲ್ಲನ್ನೇ ಏರುಪೇರು ಮಾಡುವುದು. ಮೊದಲನೆಯದು ಬೇಗ ಆಗುತ್ತದೆ, ಆದರೆ ಹಳೇ ಕೂಟದ ಸಾಕ್ಷಿ ಹೋಗುತ್ತದೆ. ನೆಲದ ಮೇಲೆ ಮಲಗಿಸಿ ಒಮ್ಮೆ ಜೋಡಿಸಿ ನೋಡಿದರೆ ಮುಕ್ಕಾಲು ಪಾಲು ಸಮಸ್ಯೆ ಮೊದಲೇ ಗೊತ್ತಾಗುತ್ತದೆ. ಬೋದಿಗೆ ಮತ್ತು ತೊಲೆಯ ನಡುವೆ ತೆಳ್ಳನೆ ಚಕ್ಕೆ ತುರುಕಿದ್ದಾರೆಯೇ ನೋಡಿ. ಅದು ಈ ಜಗಳದ ಗುರುತು.

ಕಂಬದ ಬುಡವನ್ನೂ ನೋಡಿ. ಗೆದ್ದಲು, ನೀರು ಎರಡೂ ಮೊದಲು ತಿನ್ನುವುದು ಅಲ್ಲಿ. ಕುಂಬಾದ ಬುಡ ಕತ್ತರಿಸಿದರೆ ಕಂಬ ಗಿಡ್ಡವಾಗುತ್ತದೆ, ಅದನ್ನು ಸರಿದೂಗಿಸಲು ಪೀಠಗಲ್ಲು ಎತ್ತರ ಮಾಡುತ್ತಾರೆ. ಒಂದು ಸಾಲಿನಲ್ಲಿ ಎಲ್ಲ ಪೀಠಗಲ್ಲು ಒಂದೇ ಎತ್ತರ ಇದ್ದು ಒಂದು ಮಾತ್ರ ದಪ್ಪ ಇದ್ದರೆ ಕಥೆ ಗೊತ್ತಾಯಿತಲ್ಲ.

ಜೆಪ್ಪು_ಹಂಚು:
ದಿಕ್ಸೂಚಿ ಯಾಕೆ ಅಂತ ರೀಪು_ಪಕಾಸು ಹೇಳಲೇ ಇಲ್ಲ.

ರೀಪು_ಪಕಾಸು:
ಹೌದು, ಬಿಟ್ಟೆ. ಕರಾವಳಿಯಲ್ಲಿ ಜಡಿಮಳೆ ಬರುವುದು ಪಡುವಣದಿಂದ, ನೈಋತ್ಯದಿಂದ. ಆ ಬದಿಯ ಮಾಡು ಕೆಳಗಿಳಿಸುತ್ತಾರೆ, ಮಳೆಗಾಲದಲ್ಲಿ ಸೋಗೆಯ ತಟ್ಟಿ ಕಟ್ಟುತ್ತಾರೆ. ಮ್ಯೂಸಿಯಮ್ಮಿನಲ್ಲಿ ಜಾಗ ಇದ್ದ ಹಾಗೆ ಮನೆ ನಿಲ್ಲಿಸಬೇಕಾಗುತ್ತದೆ. ತಗ್ಗಿನ ಮಾಡು ಈಗ ಯಾವ ದಿಕ್ಕಿಗಿದೆ, ಪಕಾಸಿನ ತುದಿಗಳಲ್ಲಿ ಯಾವ ಬದಿಯವು ಹೆಚ್ಚು ಸವೆದಿವೆ ನೋಡಿ. ಎರಡೂ ತಾಳೆಯಾಗದಿದ್ದರೆ ಮನೆ ತಿರುಗಿದೆ.

ತಚ್ಚ:
ದಕ್ಷಿಣಚಿತ್ರದ ಕೇರಳ ವಿಭಾಗದಲ್ಲಿ ಅಳತೆ ತೆಗೆಯುವಾಗ ಸೆಂಟಿಮೀಟರಿನಲ್ಲಿ ವಿಚಿತ್ರ ಸಂಖ್ಯೆ ಬಂದರೆ ಗಾಬರಿ ಬೇಡ. 72ರಿಂದ ಭಾಗಿಸಿ. ಅಲ್ಲಿನ ತಚ್ಚುಶಾಸ್ತ್ರದಲ್ಲಿ (ಮನೆ ಕಟ್ಟುವ ಬಡಗಿಗಳ ಶಾಸ್ತ್ರ) 24 ಅಂಗುಲಕ್ಕೆ ಒಂದು ಕೋಲು, ಅದು ಹೆಚ್ಚುಕಮ್ಮಿ 72 ಸೆಂಟಿಮೀಟರು. ಕೋಣೆಯ ಉದ್ದ ಅಗಲ ಬಿಡಿಬಿಡಿಯಾಗಿ ಅಲ್ಲ, ಸುತ್ತಳತೆ ಲೆಕ್ಕ ಹಾಕಿ ಭಾಗಿಸಿ. ಅಳತೆ ಗೊತ್ತುಮಾಡುತ್ತಿದ್ದದ್ದು ಸುತ್ತಳತೆಯಿಂದ.

ಹೊಸ್ತಿಲು:
ಎಲ್ಲರಿಗೂ ಕೈ ಮುಗಿದೆ. ಗುಂಪು ಮಾಡಿದ್ದೇನೆ: ಆರು ಜನ ಮಾಡು ಮತ್ತು ರೀಪು, ಆರು ಜನ ಕಂಬ, ಬೋದಿಗೆ, ಪೀಠಗಲ್ಲು, ಆರು ಜನ ಗೋಡೆ, ನೆಲ, ದಿಕ್ಕು. ಭಾನುವಾರ ಮಣಿಪಾಲ ಮುಗಿಸಿ, ಸೋಮವಾರ ಮಂಗಳೂರಿಂದ ರಾತ್ರಿ ರೈಲು, ಮಂಗಳವಾರ ಬೆಳಗ್ಗೆ ಚೆನ್ನೈ.

ಮಗ್ಗದ_ಕುಣಿ:
ಮಂಗಳವಾರ ದಕ್ಷಿಣಚಿತ್ರ ರಜೆ.

ಹೊಸ್ತಿಲು:
ಅಯ್ಯೋ. ಟಿಕೆಟ್ ಬುಕ್ ಆಗಿದೆ.

ಸುತ್ತಾಟ:
ಪದ್ಮನಾಭಪುರ ಅಂದೆ, ಯಾರೂ ಕೇಳಲಿಲ್ಲ.

ರೀಪು_ಪಕಾಸು:
ರೈಲನ್ನು ಒಂದು ದಿನ ಮುಂದಕ್ಕೆ ಹಾಕಿ. ಮಿಕ್ಕ ದಿನ ಮಂಗಳೂರಲ್ಲೇ ಹಳೇ ಹಂಚಿನ ಮಾಡುಗಳನ್ನು ನೋಡಿಸಿ, ನಾಡಹಂಚು ಮತ್ತು ಚಪ್ಪಟೆ ಹಂಚಿನ ವ್ಯತ್ಯಾಸ ಕೈಯಲ್ಲಿ ಹಿಡಿದು ಗೊತ್ತಾಗಲಿ. ಮಂಗಳವಾರ ರಾತ್ರಿ ಹೊರಟು ಬುಧವಾರ ಮುಟ್ಟುಕಾಡಿಗೆ ಹೋದರೂ ನಷ್ಟ ಇಲ್ಲ. ಬೆಳಗ್ಗೆ 10ಕ್ಕೆ ಗೇಟಿನಲ್ಲಿರಿ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಮೇಲೆ ಬಾಚಿಯ ಗುರುತು ಟಾರ್ಚಿಗೂ ಸಿಗುವುದಿಲ್ಲ.